ಅಮೆರಿಕದಲ್ಲಿ ಡಾಕ್ಟರ್ ಗಂಡ ತನ್ನ ರೋಗಿಗಳನ್ನು ಡಾಕ್ಟರ್ ಹೆಂಡತಿಯ ಕ್ಲಿನಿಕ್‌ಗೆ ರೆಫರ್ ಮಾಡಬಹುದೇ?

ನೀವು ಇಂಟರ್ನಿಸ್ಟ್ (ವಯಸ್ಕರ ಸಾಮಾನ್ಯ ಕಾಯಿಲೆಗಳ ವೈದ್ಯ), ಹೆಂಡತಿ ಬೇರೆಯೇ ಸ್ವಂತ ಕ್ಲಿನಿಕ್ ಇರುವ ಹೃದ್ರೋಗ ತಜ್ಞೆ, ರೋಗಿ ಮೆಡಿಕೇರ್‌ನವರು (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ) ಎಂದಿದ್ದೀರಿ. ವೈದ್ಯರಿಗೋ ಅವರ ಕುಟುಂಬದವರಿಗೋ ಹಣದ ನಂಟಿರುವ ಕಡೆಗೆ, ಕೆಲವು ಸೇವೆಗಳಿಗಾಗಿ ಮೆಡಿಕೇರ್ ರೋಗಿಗಳನ್ನು ಕಳಿಸುವುದನ್ನು ತಡೆಯುವುದು ಸ್ಟಾರ್ಕ್ ಕಾನೂನು. ಬರೀ ನೋಡಿ ಸಲಹೆ (ಕನ್ಸಲ್ಟ್) ಕೊಡಲಿ ಅಂತ ಕಳಿಸಿದರೆ ಅದು ಅಡ್ಡ ಬರುವುದಿಲ್ಲ. ಆಕೆ ಅಲ್ಲೇ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ ಮೆಡಿಕೇರ್‌ಗೆ ಬಿಲ್ ಹಾಕಿದರೆ ತೊಡಕು ಶುರು.

ಕಾನೂನು ಹಿಡಿಯುವುದು ಪಟ್ಟಿಯಲ್ಲಿರುವ ಸೇವೆಗಳನ್ನು ಮಾತ್ರ: ಲ್ಯಾಬ್, ಸಿಟಿ, ಎಂಆರ್‌ಐ, ಅಲ್ಟ್ರಾಸೌಂಡ್, ರೇಡಿಯೇಷನ್, ಫಿಸಿಯೋಥೆರಪಿ, ಹೋಂ ಹೆಲ್ತ್ (ಮನೆಗೇ ಬಂದು ಕೊಡುವ ಆರೈಕೆ), ಆಸ್ಪತ್ರೆ ಸೇವೆ ಇತ್ಯಾದಿ. 1992ರಲ್ಲಿ ಜಾರಿಯಾದಾಗ ಲ್ಯಾಬ್ ಒಂದೇ ಇತ್ತು, ಉಳಿದವು 1995ರಿಂದ ಸೇರಿದವು. ಎಕೋ ಪಟ್ಟಿಯಲ್ಲಿದೆ, ಇಸಿಜಿ ಇಲ್ಲ.

‘ನಾನು ಕೇಳಿದ್ದು ಕನ್ಸಲ್ಟ್ ಮಾತ್ರ, ಎಕೋ ಬರೆದದ್ದು ಅವಳು’ ಎಂಬ ವಾದ ನಿಲ್ಲುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಕನ್ಸಲ್ಟ್ ಕೇಳಿದರೆ, ಆ ವೈದ್ಯರು ಬರೆಯುವ ಅಥವಾ ಮಾಡುವ ಪರೀಕ್ಷೆಯೂ ನಿಮ್ಮ ರೆಫರಲ್ಲೇ ಎಂದು ವ್ಯಾಖ್ಯೆಯಲ್ಲೇ ಇದೆ. ರೆಫರ್ ಮಾಡಿದ ವೈದ್ಯರು ಸ್ವತಃ ಕೈಯಾರೆ ಮಾಡಿದ ಸೇವೆಗೆ ವಿನಾಯಿತಿ ಉಂಟು. ಅದು ಹೆಂಡತಿಯ ಕೈಗೆ ದಾಟುವುದಿಲ್ಲ. ಸಂಬಂಧ ತಿಳಿಸಿ ರೋಗಿಯ ಸಹಿ ಪಡೆದರೂ ದೋಷ ಹೋಗದು.

ಕುಟುಂಬ ಅಂದರೆ ಸಂಗಾತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು (ದತ್ತು, ಮಲ ಸಂಬಂಧವೂ ಸೇರಿ), ಅತ್ತೆಮಾವ, ಅಳಿಯ, ಸೊಸೆ, ಭಾವ, ಮೈದುನ, ನಾದಿನಿ, ಅಜ್ಜಅಜ್ಜಿ, ಮೊಮ್ಮಕ್ಕಳು ಮತ್ತು ಅವರ ಸಂಗಾತಿಗಳು. ಚಿಕ್ಕಪ್ಪ, ಸೋದರಮಾವ, ದೊಡ್ಡಮ್ಮನ ಮಕ್ಕಳು ಇದರಲ್ಲಿಲ್ಲ. ನಮ್ಮವರ ಲೆಕ್ಕಕ್ಕೆ ಇದು ಚಿಕ್ಕ ಕುಟುಂಬವೇ!

ದಾರಿಗಳಿವೆ. ಇಬ್ಬರೂ ನಿಯಮಬದ್ಧವಾದ ಒಂದೇ ಗ್ರೂಪ್ ಪ್ರಾಕ್ಟೀಸ್‌ನಲ್ಲಿದ್ದರೆ (ವೈದ್ಯರು ಸೇರಿ ನಡೆಸುವ ಒಂದೇ ಸಂಸ್ಥೆ), ಸ್ಥಳ, ಮೇಲ್ವಿಚಾರಣೆ, ಬಿಲ್ಲಿಂಗ್ ಷರತ್ತು ಪಾಲಿಸಿ ಎಕೋ ಒಳಗೇ ಮಾಡಬಹುದು. ಈ ದಾರಿಯಲ್ಲಿ ಸಿಟಿ, ಎಂಆರ್‌ಐ, ಪೆಟ್ ಸ್ಕ್ಯಾನ್ ಆದರೆ 25 ಮೈಲಿಯೊಳಗಿನ 5 ಬೇರೆ ಕೇಂದ್ರಗಳ ಪಟ್ಟಿಯನ್ನು ರೋಗಿಗೆ ಬರಹದಲ್ಲಿ ಕೊಡಬೇಕು. ಹೆಂಡತಿ ಆಸ್ಪತ್ರೆಯೊಂದರ ಉದ್ಯೋಗಿಯಾಗಿದ್ದರೆ, ಸಂಬಳ ಮಾರುಕಟ್ಟೆ ದರದ್ದಾಗಿದ್ದು ನಿಮ್ಮ ರೆಫರಲ್‌ಗಳ ಸಂಖ್ಯೆಗೆ ತಳಕು ಹಾಕಿರದಿದ್ದರೆ ಸಾಮಾನ್ಯವಾಗಿ ಸರಿ. ಹಳ್ಳಿಗಾಡಿಗೊಂದು ವಿನಾಯಿತಿ: ರೋಗಿಯ ಮನೆಯಿಂದ 25 ಮೈಲಿ ಅಥವಾ 45 ನಿಮಿಷದ ಪ್ರಯಾಣದೊಳಗೆ ಸಕಾಲಕ್ಕೆ ಸೇವೆ ಕೊಡುವವರು ಬೇರೆ ಯಾರೂ ಇರಬಾರದು. ವಿಚಾರಿಸಿದ್ದನ್ನು ಚಾರ್ಟ್‌ನಲ್ಲಿ ಬರೆದಿಡಿ.

ನಿಮ್ಮ ಸಂದರ್ಭದಲ್ಲಿ ಸರಳ ಉಪಾಯ: ಎಕೋ ನಿಮ್ಮಿಬ್ಬರಿಗೂ ಹಣದ ನಂಟಿಲ್ಲದ ಕಡೆ ಆಗಲಿ, ಆ ವರದಿ ಹಿಡಿದು ರೋಗಿ ಸಲಹೆಗೆ ಹೆಂಡತಿ ಬಳಿ ಹೋಗಲಿ.

ಇಲ್ಲಿ ಉದ್ದೇಶ ನೋಡುವುದಿಲ್ಲ, ತಿಳಿಯದೆ ಆದರೂ ಹಣ ವಾಪಸ್ ಕೊಡಬೇಕು. ಹೆಚ್ಚುವರಿ ಪಾವತಿ ಪತ್ತೆಯಾದ ಮೇಲೆ ಅದಕ್ಕೆ 60 ದಿನದ ಗಡುವಿದೆ. ಖಾಸಗಿ ವಿಮೆಯ ರೋಗಿಗಳಿಗೆ ನಿಮ್ಮ ರಾಜ್ಯದ ಕಾನೂನು ಬೇರೆ ನೋಡಿ. ಕ್ಯಾಲಿಫೋರ್ನಿಯಾದ್ದು ಮೆಡಿಕೇರ್‌ಗೆ ಸೀಮಿತವಲ್ಲ, ಅಲ್ಲಿಯೂ ಸಂಗಾತಿ ಕುಟುಂಬದವರೇ.