ಶಕ್ತಿವ್ಯಯವನ್ನು ಇಲಿಯ ಒಟ್ಟು ತೂಕದಿಂದ ಭಾಗಿಸಬೇಕೋ, ಕೊಬ್ಬು ಬಿಟ್ಟು ಉಳಿದ ತೂಕವಾದ ಲೀನ್ ಮಾಸ್‌ನಿಂದಲೋ?

ಹಾರ್ಮೋನ್ ಚುಚ್ಚಿದ ದಪ್ಪ ಇಲಿಗಳ ತೂಕ ಇಳಿದಿದೆ, ಗ್ರಾಂ ಲೆಕ್ಕದಲ್ಲಿ ಅವು ಸುಡುವ ಶಕ್ತಿ ಏರಿದೆ, ಈಗ ಯಾವ ತೂಕದಿಂದ ಭಾಗಿಸಲಿ ಅಂತ ಕೇಳಿದ್ದೀರಿ. ಪಿಎಚ್.ಡಿ.ಯ ಮೂರನೇ ವರ್ಷ ನಾನು ಇದೇ ಗ್ರಾಫ್ ಹಿಡಿದು ನಿಂತಿದ್ದೆ. ಯಾವುದರಿಂದಲೂ ಭಾಗಿಸಬೇಡಿ.

ನನ್ನ ಅಂಕಿ ನೋಡಿ. ಹೋಲಿಕೆಗೆ ಬರೀ ಸಲೈನ್ (ಉಪ್ಪುನೀರು) ಚುಚ್ಚಿದ ಇಲಿ 45 ಗ್ರಾಂ, ದಿನಕ್ಕೆ 12.6 ಕಿಲೋಕ್ಯಾಲೊರಿ. ಹಾರ್ಮೋನ್ ಪಡೆದದ್ದು ನಾಲ್ಕು ವಾರದ ಮೇಲೆ 36 ಗ್ರಾಂ, 11.7 ಕಿಲೋಕ್ಯಾಲೊರಿ. ಭಾಗಿಸಿದರೆ 0.28 ಮತ್ತು 0.325. ಶೇ. 16 ಹೆಚ್ಚಳ! ‘ಹಾರ್ಮೋನ್ ಚಯಾಪಚಯವನ್ನು ಚುರುಕುಗೊಳಿಸುತ್ತದೆ’ ಅಂತ ಶೀರ್ಷಿಕೆಯನ್ನೇ ಬರೆದುಬಿಟ್ಟೆ. ಆದರೆ ಆ ಇಲಿ ದಿನಕ್ಕೆ ಸುಟ್ಟದ್ದು ಶೇ. 7 ಕಡಿಮೆ. ಮೇಲೇರಿದ್ದು ಶಕ್ತಿವ್ಯಯ ಅಲ್ಲ, ಕೆಳಗಿಳಿದದ್ದು ಛೇದ.

ಹೀಗೇಕಾಗುತ್ತದೆ ಅಂದರೆ, ಹೋದ 9 ಗ್ರಾಂನಲ್ಲಿ ಬಹುಪಾಲು ಕೊಬ್ಬು. ಕೊಬ್ಬು ತನ್ನ ಪಾಲಿಗೆ ಸುಡುವುದು ಅತ್ಯಲ್ಪ: ಮನುಷ್ಯನಲ್ಲಿ ಒಂದು ಕಿಲೋ ಕೊಬ್ಬಿನ ಅಂಗಾಂಶಕ್ಕೆ ದಿನಕ್ಕೆ ಸುಮಾರು 4.5 ಕಿಲೋಕ್ಯಾಲೊರಿ, ಸ್ನಾಯುವಿಗೆ 13, ಯಕೃತ್ತಿಗೆ 200. ಭಾಗಾಕಾರಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ, ಎಲ್ಲ ಗ್ರಾಂ ಅದಕ್ಕೆ ಒಂದೇ. ಹಾಗಾದರೆ ಲೀನ್ ಮಾಸ್ ಸರಿಯಲ್ಲವೇ ಅಂತೀರಿ. ಅಲ್ಲ. ತೂಕ ಮತ್ತು ಶಕ್ತಿವ್ಯಯ ಎರಡನ್ನೂ ಗ್ರಾಫ್‌ಗೆ ಹಾಕಿದಾಗ ಬರುವ ಗೆರೆ ಸೊನ್ನೆಯ ಮೂಲಕ ಹಾದುಹೋದರೆ ಮಾತ್ರ ಭಾಗಿಸುವುದು ನ್ಯಾಯ, ಇಲ್ಲಿ ಅದು ಹಾದುಹೋಗುವುದಿಲ್ಲ. ತೂಕದಿಂದ ಭಾಗಿಸುವ ಈ ದೋಷವನ್ನು ಬ್ರಿಟಿಷ್ ವಿಜ್ಞಾನಿ ಟ್ಯಾನರ್ 1949ರಲ್ಲೇ ತೋರಿಸಿಕೊಟ್ಟಿದ್ದರು. ನನಗೆ ಅದು ಗೊತ್ತಾದದ್ದು ವಿಮರ್ಶಕರು ಪ್ರಬಂಧವನ್ನು ತಿರಸ್ಕರಿಸಿದ ಮೇಲೆ.

ಇಡೀ ಇಲಿಯ ದಿನದ ಕಿಲೋಕ್ಯಾಲೊರಿಯನ್ನು ಹಾಗೇ ಇಟ್ಟುಕೊಂಡು, ತೂಕವನ್ನು ಕೊವೇರಿಯೇಟ್ (ಜೊತೆಗೆ ಲೆಕ್ಕಕ್ಕೆ ಹಿಡಿಯುವ ಅಳತೆ) ಆಗಿ ಹಾಕಿ ಆನ್ಕೋವಾ ಮಾಡಿ; ತೂಕದ ಪ್ರಭಾವವನ್ನು ಸರಿಹೊಂದಿಸಿ ಗುಂಪುಗಳನ್ನು ಹೋಲಿಸುವ ಸಂಖ್ಯಾಶಾಸ್ತ್ರದ ವಿಧಾನ ಅದು. ಮೊದಲು ತೂಕ ಅಡ್ಡಕ್ಕೆ, ಶಕ್ತಿವ್ಯಯ ಉದ್ದಕ್ಕೆ ಇಟ್ಟು ಗ್ರಾಫ್‌ನಲ್ಲಿ ಪ್ರತಿ ಇಲಿಯನ್ನೂ ಒಂದು ಚುಕ್ಕಿಯಾಗಿ ಗುರುತಿಸಿ, ಕಣ್ಣಾರೆ ನೋಡಿ. ಎರಡು ಗುಂಪಿನ ಗೆರೆಗಳು ಸಮಾಂತರವಾಗಿ ಇರಬೇಕು. ತೂಕಗಳು ಒಂದನ್ನೊಂದು ಮುಟ್ಟದಷ್ಟು ದೂರವಾಗಿದ್ದರೆ ಆನ್ಕೋವಾ ಕೂಡ ಊಹೆಯೇ, ಅದನ್ನು ನೆಚ್ಚಬೇಡಿ.

ನಿಜವಾಗಿ ನಿಮಗೆ ಬೇಕಿರುವುದು ಲೆಕ್ಕವಲ್ಲ, ಇನ್ನೊಂದು ಗುಂಪು. ಹಾರ್ಮೋನ್ ಇಲಿಗಳು ನಿನ್ನೆ ತಿಂದಷ್ಟನ್ನೇ ಇವತ್ತು ಸಲೈನ್ ಇಲಿಗಳಿಗೆ ತೂಗಿ ಕೊಡಿ. ಒಂದೇ ಸಲ ಹಾಕಿದರೆ ಗಬಗಬ ಮುಗಿಸಿ ಉಳಿದ ಹೊತ್ತು ಉಪವಾಸ ಇರುತ್ತವೆ, ಆಗ ನೀವು ಅಳೆಯುವುದು ಉಪವಾಸದ ಪರಿಣಾಮವನ್ನು. ಹಾಗಾಗಿ ಎರಡು ಮೂರು ಪಾಲು ಮಾಡಿ, ದೊಡ್ಡ ಪಾಲು ಕತ್ತಲಾಗುವ ಹೊತ್ತಿಗೆ ಕೊಡಿ. ಪಂಜರದ ಹಾಸಿನಲ್ಲಿ ಉದುರಿದ ಪುಡಿಯನ್ನೂ ಜರಡಿ ಹಿಡಿದು ತೂಗಿ: ಇಲಿಗಳನ್ನು ದಪ್ಪಗಾಗಿಸುವ ಕೊಬ್ಬಿನ ಆಹಾರ ಗ್ರಾಂಗೆ 5 ಕಿಲೋಕ್ಯಾಲೊರಿಗೂ ಹೆಚ್ಚು, ಅರ್ಧ ಗ್ರಾಂ ತಪ್ಪಿದರೂ ನೀವು ಹುಡುಕುತ್ತಿರುವ ವ್ಯತ್ಯಾಸ ಮುಳುಗಿಹೋಗುತ್ತದೆ. ನನ್ನ ಪ್ರಯೋಗದಲ್ಲಿ ಈ ಗುಂಪೂ ಹೆಚ್ಚುಕಡಿಮೆ ಅಷ್ಟೇ ತೂಕ ಇಳಿಸಿತು. ಅಂದರೆ ನನ್ನ ಹಾರ್ಮೋನ್ ಹಸಿವನ್ನು ಕಡಿಮೆ ಮಾಡಿತ್ತೇ ಹೊರತು ಒಲೆಯ ಉರಿ ಏರಿಸಿರಲಿಲ್ಲ. ಅದೂ ಒಳ್ಳೆಯ ಫಲಿತಾಂಶವೇ, ದಯವಿಟ್ಟು ಮುಚ್ಚಿಡಬೇಡಿ.

ಉಸಿರಿನ ಗಾಳಿಯಿಂದ ಶಕ್ತಿವ್ಯಯ ಅಳೆಯುವ ಕ್ಯಾಲೊರಿಮೀಟರಿನ ಪಂಜರದಲ್ಲಿ ಇಲಿಗೆ ಕನಿಷ್ಠ ಎರಡು ದಿನ ಹೊಂದಿಕೊಳ್ಳಲು ಬಿಡಿ, ಆ ದಿನಗಳ ದತ್ತಾಂಶ ಎಸೆಯಿರಿ. ಉಸಿರಾಟದ ಅನುಪಾತ (ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಬಳಸಿದ ಆಮ್ಲಜನಕದಿಂದ ಭಾಗಿಸಿದ್ದು) ದಿನವಿಡೀ 0.7ಕ್ಕಿಂತ ಕೆಳಗೇ ಇದ್ದರೆ ಇಲಿಯನ್ನು ಅನುಮಾನಿಸಬೇಡಿ, ಗ್ಯಾಸ್ ಕ್ಯಾಲಿಬ್ರೇಶನ್ ನೋಡಿ, ತೇವ ಹೀರುವ ಹರಳು ನೀಲಿಯಿಂದ ಗುಲಾಬಿಗೆ ತಿರುಗಿದೆಯೇ ನೋಡಿ. ಕೋಣೆಯ 22 ಡಿಗ್ರಿ ಇಲಿಗೆ ಚಳಿ, ಮೈ ಬಿಸಿ ಇಟ್ಟುಕೊಳ್ಳಲೇ ತುಂಬಾ ಸುಡುತ್ತದೆ; ಸಾಧ್ಯವಿದ್ದರೆ 30 ಡಿಗ್ರಿಯಲ್ಲೂ ಒಮ್ಮೆ ಅಳೆಯಿರಿ.

ಇನ್ನೂ ಚುಚ್ಚದ ಇಲಿಗಳು ಉಳಿದಿದ್ದರೆ, ತೂಕ ಬೇರೆಯಾಗುವ ಮುಂಚೆ, ಹಾರ್ಮೋನ್ ಶುರುಮಾಡಿದ ಮೊದಲ ಮೂರ್ನಾಲ್ಕು ದಿನದಲ್ಲೇ ಅಳೆದುಬಿಡಿ. ಅದಕ್ಕೂ ಮೊದಲು ಒಂದು ವಾರ ಎಲ್ಲಕ್ಕೂ ಬರೀ ಸಲೈನ್ ಚುಚ್ಚಿ ರೂಢಿ ಮಾಡಿಸಿ, ಇಲ್ಲದಿದ್ದರೆ ಸೂಜಿಯ ಗಾಬರಿಗೇ ತಿನ್ನುವುದು ಬಿಡುತ್ತವೆ.