ಫೆರಿಟಿನ್ 640 ಬಂದಿದೆ, ಸೊಪ್ಪು ಬಿಡಬೇಕಾ?

ಪ್ರಶ್ನೆ: ನನಗೆ 46 ವರ್ಷ. ಹೆಲ್ತ್ ಚೆಕಪ್‌ನಲ್ಲಿ ಫೆರಿಟಿನ್ 640 ಬಂದಿದೆ. ಹಿಮೋಗ್ಲೋಬಿನ್ ಸರಿಯಿದೆ, ಶುಗರ್ ಸ್ವಲ್ಪ ಜಾಸ್ತಿ, ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಅಂತ ಬರೆದಿದ್ದಾರೆ. ಮೈಯಲ್ಲಿ ಕಬ್ಬಿಣ ತುಂಬಿಕೊಂಡಿದೆ, ಸೊಪ್ಪು, ಬೆಲ್ಲ, ಕಬ್ಬಿಣದ ಕಾವಲಿಯ ದೋಸೆ ಎಲ್ಲ ಬಿಡಿ ಎನ್ನುತ್ತಾರೆ ಮನೆಯವರು. ಬಿಡಬೇಕಾ?

ಉತ್ತರ: ದೋಸೆ ತಿನ್ನಿ, ಸೊಪ್ಪಂತೂ ಬಿಡಲೇಬೇಡಿ. ಫೆರಿಟಿನ್ ಅಂದರೆ ಕಬ್ಬಿಣವಲ್ಲ, ಅದನ್ನು ತುಂಬಿಡುವ ಪ್ರೋಟೀನ್. ಜ್ವರ, ಸೋಂಕು, ಲಿವರಿನ ತೊಂದರೆ ಇದ್ದಾಗಲೂ ಅದು ಏರುತ್ತದೆ. ನಿಮ್ಮ ವರದಿ ನೋಡಿದರೆ ನನ್ನ ಮೊದಲ ಅನುಮಾನ ಫ್ಯಾಟಿ ಲಿವರಿನ ಮೇಲೆಯೇ.

ಅನುಮಾನ ಸಾಲದು, ಅಲ್ವಾ? ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನಿನ ಎಷ್ಟು ಭಾಗ ತುಂಬಿದೆ ಎಂದು ತೋರಿಸುವ) ಪರೀಕ್ಷೆ ಮಾಡಿಸಿ. 45 ಶೇಕಡಾದೊಳಗಿದ್ದರೆ ಕಬ್ಬಿಣ ತುಂಬಿರುವ ಸಾಧ್ಯತೆ ಕಡಿಮೆ. ತೂಕ, ಶುಗರ್ ಕಡೆ ಗಮನ ಕೊಡಿ. ಮತ್ತೊಮ್ಮೆ ಮಾಡಿಸಿದಾಗಲೂ ಸ್ಯಾಚುರೇಶನ್ 45ಕ್ಕಿಂತ ಜಾಸ್ತಿ ಬಂದರೆ ಲಿವರ್ ತಜ್ಞರು ಎಂಆರ್‌ಐ, ಜೀನ್ ಪರೀಕ್ಷೆ ಹೇಳಬಹುದು.

ನಿಜವಾಗಿ ತುಂಬಿದರೆ ಮಾತ್ರ ಸುಮ್ನೆ ಬಿಡುವ ವಿಷಯವಲ್ಲ. ನಮ್ಮ ಮೈಯಲ್ಲಿರುವ ಕಬ್ಬಿಣ ಒಟ್ಟು 3–4 ಗ್ರಾಂ. ದಿನಕ್ಕೆ 1–2 ಮಿಲಿಗ್ರಾಂ ಒಳಗೆ ಬರುತ್ತದೆ, ಅಷ್ಟೇ ಹೊರಗೆ ಹೋಗುತ್ತದೆ. ಜಾಸ್ತಿಯಾದದ್ದನ್ನು ಹೊರಹಾಕಲು ದೇಹಕ್ಕೆ ದಾರಿಯೇ ಇಲ್ಲ. ಲಿವರಿನಲ್ಲಿ ಕೂತರೆ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವುದು), ಪ್ಯಾಂಕ್ರಿಯಾಸ್‌ನಲ್ಲಿ ಕೂತರೆ ಸಕ್ಕರೆ ಕಾಯಿಲೆ. ಹೃದಯ ಸೋಲಬಹುದು, ಬೆರಳಿನ ಗಂಟು ನೋಯಬಹುದು, ಚರ್ಮ ಕಪ್ಪಾಗಬಹುದು.

ಇದನ್ನು ತರುವ ಹುಟ್ಟು ಜೀನ್ ದೋಷ ಉತ್ತರ ಯುರೋಪಿನ ಮೂಲದವರಲ್ಲಿ ಹೆಚ್ಚು, ನಮ್ಮಲ್ಲಿ ಅಪರೂಪ. ನಮ್ಮಲ್ಲಿ ಇದರ ಪೆಟ್ಟು ಬೀಳುವುದು ಥಲಸ್ಸೀಮಿಯಾ ಮಕ್ಕಳಿಗೆ, ಅಂದರೆ ಹುಟ್ಟಿನಿಂದಲೇ ರಕ್ತ ಸರಿಯಾಗಿ ತಯಾರಾಗದೆ ಆಗಾಗ ರಕ್ತ ಹಾಕಿಸಬೇಕಾದವರಿಗೆ. ಒಂದು ಬ್ಯಾಗ್ ರಕ್ತದಲ್ಲಿ 200–250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ತಿಂಗಳಿಗೆ ಎರಡು ಬ್ಯಾಗ್ ಹಾಕಿಸಿಕೊಳ್ಳುವ ಮಗುವಿಗೆ ವರ್ಷದಲ್ಲಿ ಸೇರುವುದು ಸುಮಾರು 5 ಗ್ರಾಂ. ಹಾಗಾಗಿ ಡಿಫೆರಾಸಿರಾಕ್ಸ್‌ನಂಥ, ಕಬ್ಬಿಣ ಹಿಡಿದು ಹೊರಗೆಳೆಯುವ ಔಷಧಿಯನ್ನು ದಿನವೂ ತಪ್ಪದೆ ಕೊಡಬೇಕು. ತಿಂಗಳುಗಟ್ಟಲೆ ನಿಲ್ಲಿಸಿದವರ ಬೆಳವಣಿಗೆ, ಹೃದಯ ಎರಡೂ ಹಾಳಾಗಬಹುದು. ಜೀನ್ ದೋಷದವರಿಗೆ ಚಿಕಿತ್ಸೆ ಸರಳ: ಆಗಾಗ ರಕ್ತ ತೆಗೆಸುವುದು.

ನೀವು ಈಗಲೇ ಬಿಡಬೇಕಾದ್ದು ಇದ್ದರೆ ಐರನ್ ಮಾತ್ರೆ, ಟಾನಿಕ್, ವಿಟಮಿನ್ ಸಿ ಮಾತ್ರೆ. ಸುಸ್ತಾದಾಗೆಲ್ಲ ಮೆಡಿಕಲ್ ಶಾಪಿನಿಂದ ತಂದು ಕುಡಿಯುವವರು ಬಹಳ. ಇನ್ನೊಂದು, ಮದ್ಯದ ಮಾತನ್ನು ನೀವು ಎತ್ತಿಯೇ ಇಲ್ಲ. ಅಭ್ಯಾಸವಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಫೆರಿಟಿನ್ ಏರಲು ಅದೊಂದೇ ಸಾಕು.