ತೀರಿಕೊಂಡವನ ಹೆಸರು

ಹುಟ್ಟಿ ಮೂರು ವಾರವಾದರೂ ಹೆಸರಿಲ್ಲದೆ ‘ಪಾಪು’ವಾಗಿಯೇ ಉಳಿದಿದ್ದ ಗಂಡುಮಗುವನ್ನು ಎತ್ತಿಕೊಂಡು ದಂಪತಿಗಳಿಬ್ಬರು ಹೆಸರಿನ ವಿಷಯದಲ್ಲಿ ಸಲಹೆ ಕೇಳಲು ನನ್ನಲ್ಲಿಗೆ ಬಂದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಸಾಹಿತ್ಯದ ಅಧ್ಯಾಪಕಿಯಾದ ತಾಯಿಗೆ ಮಗುವಿನ ಮೊದಲ ಹೆಸರು ‘ಹೀತ್‌ಕ್ಲಿಫ್’, ನಡುಹೆಸರು ‘ಅಟಿಕಸ್’ ಆಗಬೇಕಿತ್ತು, ಎರಡೂ ಇಂಗ್ಲಿಷ್ ಕಾದಂಬರಿಗಳ ಪಾತ್ರಗಳ ಹೆಸರು; ಕಾದಂಬರಿಗಳ ಗೊಡವೆಗೇ ಹೋಗದ ತಂದೆ, ಶಾಲೆಯಲ್ಲಿ ಮಗ ನಗೆಪಾಟಲಾಗುತ್ತಾನೆ ಎಂಬ ಒಂದೇ ಮಾತನ್ನು ಹಿಡಿದು ಕೂತಿದ್ದರು. ಆ ಆತಂಕ ಸುಳ್ಳಲ್ಲ. ಆದರೆ ಅದನ್ನು ಹೇಳುವಾಗ ಅವರ ದನಿ ನಡುಗಿದ್ದಕ್ಕೆ ಕಾರಣ ಅಷ್ಟೇ ಇರಲಾರದು ಎನ್ನಿಸಿತು.

ಬಂದವರಿಗೆ ಮನೆಯಲ್ಲಿ ಮಾಡಲು ಕೆಲಸ ಕೊಡುವುದು ನನಗೇ ಅಷ್ಟಾಗಿ ಹಿಡಿಸದ ಪದ್ಧತಿ. ಆದರೂ ತಾಯಿ ಒಂದು ವಾರ ಮಗುವನ್ನು ಹೀತ್‌ಕ್ಲಿಫ್ ಎಂದೇ, ಮುದ್ದಿನಲ್ಲೂ ಸಿಟ್ಟಿನಲ್ಲೂ, ಗಟ್ಟಿಯಾಗಿ ಕರೆದು ನೋಡಲಿ, ತಂದೆ ಆ ಹೆಸರು ಬಂದ ಕಾದಂಬರಿಯನ್ನು ಓದಲಿ ಎಂದು ಸೂಚಿಸಿದೆ.

ಎರಡನೆಯ ಭೇಟಿಗೆ ಬರುವಾಗ ತಂದೆ ನಾಲ್ಕನೆಯ ಅಧ್ಯಾಯದಲ್ಲಿ ನಿಂತುಬಿಟ್ಟಿದ್ದರು. 1847ರಲ್ಲಿ ಪ್ರಕಟವಾದ ‘ವುದರಿಂಗ್ ಹೈಟ್ಸ್’ನ ಆ ಭಾಗದಲ್ಲಿ, ಬೀದಿಯಲ್ಲಿ ಸಿಕ್ಕಿದ ಅನಾಥ ಹುಡುಗನಿಗೆ ಮನೆಯವರು ಎಳವೆಯಲ್ಲೇ ತೀರಿಕೊಂಡ ತಮ್ಮ ಮಗನ ಹೆಸರಾದ ಹೀತ್‌ಕ್ಲಿಫ್ ಎಂಬುದನ್ನೇ ಇಡುತ್ತಾರೆ, ಮೊದಲ ಹೆಸರೂ ಅದೇ, ಕುಲನಾಮವೂ ಅದೇ. “ನನ್ನ ಹೆಸರೂ ಹೀಗೆಯೇ ಬಂದದ್ದು” ಎಂದರು ಅವರು. ತಾನು ಹುಟ್ಟುವ ಮೊದಲೇ ಸತ್ತ ಅಣ್ಣನ ಹೆಸರನ್ನು ಹೊತ್ತು ಬೆಳೆದವರಿಗೆ, ತಾಯಿ ಕರೆದಾಗಲೆಲ್ಲ ಆಕೆ ಕರೆಯುತ್ತಿರುವುದು ಯಾರನ್ನು ಎಂಬ ಅನುಮಾನ ಇವತ್ತಿಗೂ ಹೋಗಿರಲಿಲ್ಲ. ಆ ಅಧ್ಯಾಯವನ್ನು ಎಷ್ಟೋ ಬಾರಿ ಪಾಠ ಮಾಡಿದ್ದ ಹೆಂಡತಿ ಬಹಳ ಹೊತ್ತು ಮಾತಾಡಲಿಲ್ಲ.

ಹೀತ್‌ಕ್ಲಿಫ್ ಮತ್ತೆ ಚರ್ಚೆಗೆ ಬರಲಿಲ್ಲ. ಅಟಿಕಸ್ ಮೊದಲ ಹೆಸರಾಗಬಹುದೇ ಎಂದು ತಾಯಿ ಕೇಳಿದಾಗ ಒಂದು ಸಂಗತಿಯನ್ನು ನೆನಪಿಸಿದೆ: ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯಲ್ಲಿ 1960ರಿಂದ ನ್ಯಾಯದ ಪ್ರತೀಕವಾಗಿ ನಿಂತಿದ್ದ ಆ ವಕೀಲ, 2015ರಲ್ಲಿ ಹೊರಬಂದ ಅದೇ ಲೇಖಕಿಯ ಇನ್ನೊಂದು ಕಾದಂಬರಿಯಲ್ಲಿ ವರ್ಣಭೇದವನ್ನು ಬೆಂಬಲಿಸುವವನಾಗಿ ಕಾಣಿಸಿಕೊಂಡಾಗ, ಮಕ್ಕಳಿಗೆ ಆ ಹೆಸರಿಟ್ಟಿದ್ದ ಕೆಲವು ತಂದೆತಾಯಂದಿರು ಕಸಿವಿಸಿಗೊಂಡಿದ್ದರು. ಹೆಸರು ಕೆಟ್ಟದ್ದೆಂದು ನಾನು ಹೇಳಲಿಲ್ಲ. ಎರವಲು ತಂದ ಹೆಸರಿನ ಮುಂದಿನ ಕಥೆ ನಮ್ಮ ಕೈಯಲ್ಲಿರುವುದಿಲ್ಲ, ಅದು ತಿಳಿದಿರಲಿ ಎಂದಷ್ಟೇ ಹೇಳಿದೆ. ಮೊದಲ ಹೆಸರನ್ನು ಹುಡುಗ ದಿನವಿಡೀ ಕೇಳಿಸಿಕೊಳ್ಳಬೇಕಾಗುತ್ತದೆ, ಅಪರಿಚಿತರಿಗೆ ಅಕ್ಷರ ಬಿಡಿಸಿ ಹೇಳಬೇಕಾಗುತ್ತದೆ. ನಡುಹೆಸರಾದರೋ ಹೆಚ್ಚಾಗಿ ದಾಖಲೆಗಳಲ್ಲಿ ಇರುತ್ತದೆ, ಬೆಳೆದ ಮೇಲೆ ಅದನ್ನು ಮುಂದಿಡಲೂ ಮರೆಸಲೂ ಅವನಿಗೆ ಬರುತ್ತದೆ. ಆದ್ದರಿಂದ ತಾಯಿಯ ಓದಿನ ಪ್ರೀತಿಗೆ ಅದೇ ತಕ್ಕ ಜಾಗ ಎಂಬುದು ನನ್ನ ಸಲಹೆಯಾಗಿತ್ತು. ಮೂರೂ ಹೆಸರುಗಳ ಮೊದಲಕ್ಷರಗಳು ಕೂಡಿ ಅಪಹಾಸ್ಯದ ಪದವಾಗದಂತೆ ನೋಡಿಕೊಳ್ಳಿ ಎಂದೂ ಸೇರಿಸಿದೆ.

ಮೂರನೆಯ ಭೇಟಿಗೆ ಹೆಸರು ಹುಡುಕಿ ತಂದವರು ತಂದೆ. ಕಾದಂಬರಿಯನ್ನು ಕೊನೆಯವರೆಗೂ ಓದಿ ಮುಗಿಸಿದ್ದ ಅವರು, ಮೊದಲ ಹೆಸರು ಸರಳವಾದದ್ದೇ ಇರಲಿ, ನಡುಹೆಸರು ‘ಹೇರ್ಟನ್’ ಆಗಲಿ ಎಂದರು: ಅಕ್ಷರ ಬಾರದೆ ಬೆಳೆದು, ಕಥೆಯ ಕೊನೆಗೆ ಓದಲು ಕಲಿಯುವ ಹುಡುಗನ ಹೆಸರು. ತಾಯಿ ಒಪ್ಪಿದರು, ಗಂಡನ ಉಚ್ಚಾರಣೆಯನ್ನು ಎರಡು ಸಲ ತಿದ್ದಿದ ಮೇಲೆ.